ಎಡ್ಡಿ ವೆಪ್‌ನ ಹತ್ತೊಂಬತ್ತು ಸೆಕೆಂಡು

ಮಾರ್ಚ್ 2, ಭಾನುವಾರ

ಕಾಯಿಲೆಯವರನ್ನು ನೋಡಿಕೊಳ್ಳುವವರ ಕೇರ್‌ಗಿವರ್ ಗ್ರೂಪಿನ ಹುಡುಗಿ ಈ ನೋಟ್‌ಬುಕ್ ಕೊಟ್ಟು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆಯಿರಿ, ಯಾರಿಗೂ ತೋರಿಸಬೇಕಾಗಿಲ್ಲ ಎಂದಳು. ರಟ್ಟಿನ ಮೇಲೆ ಸೂರ್ಯಕಾಂತಿ ಹೂವು. ಪ್ರತಿ ಪುಟದ ತಲೆಯಲ್ಲಿ ‘ಇಂದು ನೀವು ಯಾವುದಕ್ಕೆ ಕೃತಜ್ಞರು?’ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದಾರೆ. ಇಪ್ಪತ್ತಾರು ವರ್ಷ ನ್ಯೂಜೆರ್ಸಿಯ ಐಸೆಲಿನ್ನಿನ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟಾಗಿ ನಿಂತು ಊರಿನವರ ಬಿಪಿ, ಶುಗರ್, ಮಲಬದ್ಧತೆ ಎಲ್ಲ ಕೇಳಿದವಳು ನಾನು. ನನ್ನನ್ನು ಕೇಳಲು ಈ ಹುಡುಗಿಗೆ ಈಗ ಪುರುಸೊತ್ತಾಯಿತು.

ಕೃತಜ್ಞತೆ: ಇವರು ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿದರು. ಅಷ್ಟು ಹೊತ್ತು ಮನೆಯಲ್ಲಿ ಎಡ್ಡಿ ವೆಪ್‌ನ ಹೆಸರು ಕೇಳಲಿಲ್ಲ.

ಇವರು ಎಂದರೆ ನಮ್ಮ ಯಜಮಾನರು, ಬದರೀನಾಥ. ಅರವತ್ತೊಂಬತ್ತು ವಯಸ್ಸು, ಅಪ್ಪಟ ಮೈಸೂರಿನವರು. ನಿವೃತ್ತರಾಗುವ ತನಕ ಸೇತುವೆಗಳ ತಪಾಸಣೆ ಮಾಡುತ್ತಿದ್ದ ಇಂಜಿನಿಯರ್. ಪಾರ್ಕಿನ್ಸನ್ಸ್ ಬಂದು ಮೂರು ವರ್ಷ. ಎಡ್ಡಿ ವೆಪ್ ಬಂದು ಹನ್ನೊಂದು ವರ್ಷ. ಎರಡರಲ್ಲಿ ಯಾವುದು ನನ್ನನ್ನು ಹೆಚ್ಚು ಕಾಡಿದೆ ಎಂದು ಯಾರಾದರೂ ಕೇಳಿದರೆ ನಾನು ಯೋಚಿಸಿ ಹೇಳಬೇಕಾಗುತ್ತದೆ.

ಎಡ್ಡಿ ವೆಪ್ ನೂರು ವರ್ಷದ ಹಿಂದೆ ಮೂಕಿ ಚಿತ್ರಗಳಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದ ಒಬ್ಬ ನಟ. ಹಾಲಿವುಡ್ಡು ಹಾಲಿವುಡ್ಡಾಗುವ ಮುಂಚೆ ಸಿನಿಮಾ ಕಂಪನಿಗಳೆಲ್ಲ ನಮ್ಮ ಇದೇ ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿದ್ದವಂತೆ. ಅವನು ಅಲ್ಲಿ ಶುರು ಮಾಡಿ, ಆಮೇಲೆ ಕಂಪನಿಗಳ ಬಾಲ ಹಿಡಿದು ಕ್ಯಾಲಿಫೋರ್ನಿಯಾಗೆ ಹೋಗಿ, ಒಟ್ಟು ಇಪ್ಪತ್ತೇಳು ಚಿತ್ರಗಳಲ್ಲಿ ಮುಖ ತೋರಿಸಿದ. ಮುಖ ಎಂದರೂ ಹೆಚ್ಚಾಯಿತು, ಎಷ್ಟೋ ಚಿತ್ರಗಳಲ್ಲಿ ಮುಂಡಾಸು ಮಾತ್ರ ಕಾಣುತ್ತದೆ. ಇವರು ಅವನ ಮೇಲೆ ಪುಸ್ತಕ ಬರೆಯುತ್ತಿದ್ದಾರೆ. ಹಾಲಿವುಡ್ಡಿನ ಮೊಟ್ಟಮೊದಲ ಕನ್ನಡಿಗ ಅವನೇ ಎಂದು ಇವರ ವಾದ. ಎರಡನೆಯ ಕನ್ನಡಿಗ ಯಾರು ಎಂದು ಕೇಳಿದೆ. ಅದಿನ್ನೂ ಸಂಶೋಧನೆಯಾಗಬೇಕಂತೆ.

ಮಾರ್ಚ್ 6, ಗುರುವಾರ

ಕನ್ನಡ ಕೂಟದ ಕಾರ್ಯದರ್ಶಿ ಶ್ರೀಕರ್ ಮಾನ್ಮತ್ ಜಂಕ್ಷನ್ನಿನಿಂದ ಡ್ರೈವ್ ಮಾಡಿಕೊಂಡು ನಮ್ಮ ವುಡ್‌ಬ್ರಿಡ್ಜ್ ಮನೆಗೆ ಬಂದಿದ್ದ. ಏಪ್ರಿಲ್ ಹನ್ನೆರಡಕ್ಕೆ ಫೋರ್ಟ್ ಲೀಯ ಒಂದು ಸಭಾಂಗಣದಲ್ಲಿ ಯುಗಾದಿ ಪ್ರಯುಕ್ತ ವಿಶೇಷ ಉಪನ್ಯಾಸವಂತೆ. ಬದರಿ ಅಂಕಲ್ ಎಡ್ಡಿ ವೆಪ್ ಬಗ್ಗೆ ನಲವತ್ತು ನಿಮಿಷ ಮಾತಾಡಬೇಕಂತೆ. ಅಂಕಲ್ ರಿಸರ್ಚ್ ಅಂದರೆ ಕೂಟಕ್ಕೇ ಹೆಮ್ಮೆ ಎಂದು ಉದ್ದಕ್ಕೆ ಹೊಗಳಿದ. ಮೊದಲು ಒಪ್ಪಿಕೊಂಡಿದ್ದ ಭಾಷಣಕಾರರಿಗೆ ವೀಸಾ ಸಿಗಲಿಲ್ಲ ಎಂಬುದನ್ನು ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಹೇಳಿದ.

ಇವರ ಮುಖ ನೋಡಬೇಕಿತ್ತು. ಹನ್ನೊಂದು ವರ್ಷದಲ್ಲಿ ಒಬ್ಬರೂ ಇವರನ್ನು ಕರೆದು ಮಾತಾಡಿ ಎಂದವರಿಲ್ಲ. ಪಾರ್ಟಿಗಳಲ್ಲಿ ಇವರು ಎಡ್ಡಿ ಎನ್ನುವಷ್ಟರಲ್ಲಿ ಜನ ಪ್ಲೇಟು ಹುಡುಕಿಕೊಂಡು ಎದ್ದುಹೋಗುತ್ತಾರೆ. ನಾನೇ ಎಷ್ಟು ಸಲ ಎದ್ದು ಹೋಗಿದ್ದೇನೆ.

ಶ್ರೀಕರ್ ಹೋದ ಮೇಲೆ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ಪೀಚ್ ಥೆರಪಿಸ್ಟ್ ಕಳೆದ ತಿಂಗಳೇ ಎಚ್ಚರಿಸಿದ್ದಾಳೆ, ದನಿ ಇಳಿಯುತ್ತಿದೆ, ಇನ್ನೊಂದು ವರ್ಷದಲ್ಲಿ ಫೋನಿನಲ್ಲಿ ಮಾತಾಡುವುದೂ ಕಷ್ಟವಾಗಬಹುದು ಎಂದು. ಎದುರಿಗೆ ಕೂತ ನನಗೇ ಅರ್ಧ ಕೇಳಿಸುವುದಿಲ್ಲ. ನಲವತ್ತು ನಿಮಿಷ ಯಾರು ಕೇಳುತ್ತಾರೆ, ನಿಮಗೇಕೆ ಈ ಉಸಾಬರಿ ಎಂದೆ.

“ಇದೊಂದೇ ಸಲ ಭಾನು,” ಎಂದರು. “ಆಮೇಲೆ ಬಾಯಿ ಮುಚ್ಕೊಂಡೇ ಇರ್ತೀನಿ. ಹೇಗೂ.”

ಹೀಗೆ ಮಾತಾಡಿ ಎದುರಿನವರ ಬಾಯಿ ಮುಚ್ಚಿಸುವುದು ಇವರಿಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ.

ಮಾರ್ಚ್ 13, ಗುರುವಾರ

ಇವರ ಬೆರಳಿಗೆ ಕೀಬೋರ್ಡ್ ಒಗ್ಗುತ್ತಿಲ್ಲ. ಒಂದು ‘ಅ’ ಒತ್ತಿದರೆ ಏಳು ‘ಅ’ ಬೀಳುತ್ತವೆ. ಆದ್ದರಿಂದ ಇವರು ಹೇಳುವುದು, ನಾನು ಟೈಪ್ ಮಾಡುವುದು. ಎಡ್ಡಿ ವೆಪ್ ಮಹಾಶಯನ ದಿವ್ಯ ಚರಿತ್ರೆ ಇವತ್ತು ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಡೆಯಿತು.

1913ರಲ್ಲಿ ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸದವನಾಗಿ ಹೊಬೊಕೆನ್ ಬಂದರಿಗೆ ಬಂದ. ಹಡಗು ಹೊರಡುವಾಗ ಹತ್ತಲಿಲ್ಲ. ಫೋರ್ಟ್ ಲೀಯ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸಿಕೊಂಡಿದ್ದ. ಒಂದು ದಿನ ಸುಲ್ತಾನನ ಆಸ್ಥಾನದ ದೃಶ್ಯ. ಬೀಸಣಿಗೆ ಬೀಸಬೇಕಾದವನು ಕುಡಿದು ಮಲಗಿದ್ದ. ಎಡ್ಡಿಯ ಕೈಯಿಂದ ಪೊರಕೆ ಕಿತ್ತುಕೊಂಡು ಬೀಸಣಿಗೆ ಕೊಟ್ಟರು. ಇವರ ಪ್ರಕಾರ ಇದು ಚರಿತ್ರೆಯ ತಿರುವು. ನನ್ನ ಪ್ರಕಾರ ಕೆಲಸ ಅದೇ, ಎದ್ದದ್ದು ಮಾತ್ರ ಧೂಳಿನ ಬದಲು ಗಾಳಿ.

ಆಮೇಲೆ ಮಾವುತ, ಹಾವಾಡಿಗ, ಅರಬ್ಬರ ಕಾವಲುಗಾರ, ಎರಡು ಸಲ ಚೀನಾದ ಅಡುಗೆಯವನು, ಒಂದು ಸಲ ತಲೆಗೆ ಗರಿ ಸಿಕ್ಕಿಸಿಕೊಂಡು ಇಲ್ಲಿಯ ಮೂಲನಿವಾಸಿ. ಹನ್ನೊಂದು ಚಿತ್ರಗಳಲ್ಲಿ ತಟ್ಟೆ. ನಾಲ್ಕರಲ್ಲಿ ಸಾಯುತ್ತಾನೆ, ಅದೂ ಮೊದಲ ರೀಲಿನಲ್ಲಿ. ಒಂದರಲ್ಲೂ ಪಾತ್ರಕ್ಕೆ ಹೆಸರಿಲ್ಲ. ಒಂದು ಚಿತ್ರದಲ್ಲಿ ನಾಯಕಿಗೆ ಚಹಾ ಕೊಟ್ಟು ಹಿಂದಕ್ಕೆ ಸರಿಯುವಾಗ ಬಾಗಿಲ ಚೌಕಟ್ಟಿಗೆ ತಲೆ ಬಡಿದುಕೊಳ್ಳುತ್ತಾನೆ. ‘ಸೂಕ್ಷ್ಮ ಹಾಸ್ಯಪ್ರಜ್ಞೆ’ ಎಂದು ಇವರು ಬರೆಸಿದರು. ಮುಂಡಾಸು ಕಣ್ಣ ಮೇಲೆ ಇಳಿದು ಬಾಗಿಲು ಕಂಡಿಲ್ಲ, ಅಷ್ಟೇ ಎಂದೆ. ಇವರು ಮುಖ ಊದಿಸಿಕೊಂಡು ಹತ್ತು ನಿಮಿಷ ಕೂತರು.

ಅವನು ಮೈಸೂರಿನವನು ಎನ್ನುವುದಕ್ಕೆ ಆಧಾರ ಒಂದು ಹಳೆಯ ಸಿನಿಮಾ ಪತ್ರಿಕೆ. ‘ಮೈಸೂರು ಮಹಾರಾಜರ ಆಸ್ಥಾನದಿಂದ ಬಂದ ನಿಗೂಢ ಪುರುಷ’ ಎಂದು ಸ್ಟುಡಿಯೋದವರು ಅದರಲ್ಲಿ ಹಾಕಿಸಿದ್ದರಂತೆ. ಸಿನಿಮಾದವರು ಟಿಕೆಟ್ ಮಾರಲು ಹೇಳಿದ ಸುಳ್ಳನ್ನು ನೂರು ವರ್ಷದ ಮೇಲೂ ನಂಬಿಕೊಂಡಿರುವವರು ಪ್ರಪಂಚದಲ್ಲಿ ಒಬ್ಬರೇ ಇರಬೇಕು. ಅವರು ನಮ್ಮ ಮನೆಯಲ್ಲಿದ್ದಾರೆ. ‘ಎಡ್ಡಿ ವೆಪ್’ ಎಂಬುದರ ಮೂಲ ‘ಆದಿವಿಪ್ರ’ ಎಂದು ಇವರೇ ಕಂಡುಹಿಡಿದಿದ್ದಾರೆ. ಅಂದರೆ ವೇದ ಓದಿದ ಮನೆತನ. ಹಡಗಿನಲ್ಲಿ ಕಲ್ಲಿದ್ದಲು ಸುರಿಯುತ್ತಿದ್ದವನಿಗೂ ಇವರಿಗೆ ಒಂದು ಅಗ್ರಹಾರ ಬೇಕು.

ಮಾತು ಬಂದ ಮೇಲಿನ ಚಿತ್ರಗಳಲ್ಲಿ ಅವನು ಬಾಯಿ ಬಿಟ್ಟದ್ದು ಒಂದೇ ಸಲ, 1931ರಲ್ಲಿ. ದೇವರ ಹಣೆಯ ಮಾಣಿಕ್ಯ ಕದ್ದ ಬಿಳಿಯರಿಗೆ ಪೂಜಾರಿ ಶಾಪ ಹಾಕುವ ದೃಶ್ಯ. ನಿನ್ನ ಭಾಷೆಯಲ್ಲೇ ಏನಾದರೂ ಹೇಳು ಎಂದರಂತೆ ಡೈರೆಕ್ಟರ್. ಹತ್ತೊಂಬತ್ತು ಸೆಕೆಂಡು. ಇವರು ಹೆಡ್‌ಫೋನ್ ಹಾಕಿಕೊಂಡು ಅದನ್ನು ಸಾವಿರ ಸಲ ಕೇಳಿ, ಹನ್ನೆರಡು ಪುಟದ ಒಂದು ಅಧ್ಯಾಯ ಬರೆದಿದ್ದಾರೆ. ‘ಹೇ ನಿಗಮಾ, ಬಗಲಾ’ ಎಂದು ಶುರುವಾಗಿ, ‘ಕಾಲ ಯಾಗ ಹತ್ಯಾ’ ಎಂದು ಸಾಗಿ, ಮತ್ತೆ ‘ಬಗಲಾ’ಕ್ಕೇ ಬಂದು ಮುಗಿಯುವ ಯಾವುದೋ ಗುಪ್ತ ತಾಂತ್ರಿಕ ಮಂತ್ರವಂತೆ. ಬಗಲಾ ಎಂದರೆ ಶತ್ರುಗಳ ನಾಲಿಗೆ ಕಟ್ಟುವ ದೇವಿ. ವಿಳಾಸ ತಪ್ಪಿ ನಮ್ಮ ಮನೆಗೆ ಬಂದಿರಬೇಕು ಎಂದುಕೊಂಡೆ. 

ಮಾರ್ಚ್ 14, ಶುಕ್ರವಾರ

ಉಪ್ಪಿಟ್ಟು ಸೀದಿತು. ಕೃತಜ್ಞತೆ ಇಲ್ಲ.

ಮಾರ್ಚ್ 22, ಶನಿವಾರ

ಥೆರಪಿಸ್ಟ್ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಾಳೆ. ಮಾತಾಡಿದರೆ ದನಿ ಎಷ್ಟು ಜೋರಾಗಿದೆ ಎಂದು ಅಂಕಿ ತೋರಿಸುತ್ತದೆ. ಅರವತ್ತೈದು ದಾಟಬೇಕು. ಇವರದು ಐವತ್ತೆಂಟು. ದಿನಾ ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ನಿಂತು ‘ಆ’ ಎಂದು ಗಂಟಲು ಹರಿದುಕೊಳ್ಳುತ್ತಾರೆ. ಆಮೇಲೆ ಭಾಷಣ. ನಾನು ಬಟ್ಟೆ ಒಗೆಯುವ ಮೆಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು ಪ್ರೇಕ್ಷಕಳಾಗಿ ಕೂತು, ಕೇಳಿಸದಿದ್ದಾಗ ಕೈ ಎತ್ತಬೇಕು. ಇವತ್ತು ಅರ್ಧ ಗಂಟೆ ಕೈ ಇಳಿಸಲಿಲ್ಲ. ನನಗೆ ಹೆಗಲು ನೋವು ಬಂತೇ ಹೊರತು ಇವರಿಗೆ ಬುದ್ಧಿ ಬರಲಿಲ್ಲ.

ಸ್ನಾನ ಮುಗಿಸಿ ಬರುವಾಗ ಬಾತ್‌ರೂಮಿನ ಬಾಗಿಲಲ್ಲಿ ಇವರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಟ್ಟಿತು. ಈ ಕಾಯಿಲೆಯಲ್ಲಿ ಹೀಗಾಗುತ್ತದೆ. ಮೈ ಮುಂದಕ್ಕೆ ವಾಲಿತು. ಒಲೆಯ ಮೇಲೆ ಹಾಲು ಬಿಟ್ಟು ಓಡಿದೆ. “ಹಂಗ ನಿಂದರ್ರಿ, ಅಲ್ಲಾಡಬ್ಯಾಡ್ರಿ, ನಾ ಹಿಡೀತೀನಿ,” ಎಂದು ಕೂಗಿದೆ, ಹಿಡಿದೆ. ಇವರು ನನ್ನ ಭುಜಕ್ಕೆ ಆತುಕೊಂಡು ಒಳಗೊಳಗೇ ನಗುತ್ತಿದ್ದರು. ಬೀಳುವ ಮನುಷ್ಯ ನಗುವುದೇಕೆ ಎಂದು ಕೇಳಿದರೆ ಏನಿಲ್ಲ ಎಂದರು. ಕಾಯಿಲೆ ಬುದ್ಧಿಗೂ ಹತ್ತಿರಬೇಕು. ಹಾಲು ಉಕ್ಕಿ ಒಲೆಯೆಲ್ಲ ಗಲೀಜಾಯಿತು.

ಮಾರ್ಚ್ 29, ಶನಿವಾರ

ಕೈಗಂಟಿದ ಹಿಟ್ಟು ಇನ್ನೂ ತೊಳೆದಿಲ್ಲ. ಬರೆಯುತ್ತೇನೆ.

ಹಳೆಯ ಚಿತ್ರಗಳನ್ನು ಕಾಪಾಡಿಡುವ ಆರ್ಕೈವಿನವರು ಆ ಹತ್ತೊಂಬತ್ತು ಸೆಕೆಂಡಿನ ಸದ್ದನ್ನು ಕಂಪ್ಯೂಟರಿನಲ್ಲಿ ಚೊಕ್ಕ ಮಾಡಿ ಹೊಸ ಪ್ರತಿ ಕಳಿಸಿದ್ದಾರೆ. ಮಗಳು ಧೃತಿ ಜೆರ್ಸಿ ಸಿಟಿಯಿಂದ ಬಂದು ಅದನ್ನು ಟಿವಿಗೆ ಹಾಕಿಕೊಟ್ಟು ಹೋದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅದು ಹೆಡ್‌ಫೋನಿನಿಂದ ಹೊರಗೆ ಬಂತು. ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ನನ್ನ ಬೆನ್ನು ಟಿವಿಗೆ.

“ಏ ನಿಂಗಮ್ಮಾ, ಬಾಗಲಾ ತಗೀ. ಎಷ್ಟೊತ್ತಾತ ನಿಂತು. ಕಾಲ ನೋಯಾಕ ಹತ್ಯಾವ. ಬಾಗಲಾ ತಗೀ.”

ಯಾರೋ ಮನೆಗೆ ಬಂದಿದ್ದಾರೆಂದು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದೆ. ನಮ್ಮ ಧಾರವಾಡದ ಓಣಿಯವರೇ ಯಾರೋ ಬಂದಿದ್ದಾರೆ, ಬಾಗಿಲು ಬಡಿಯುತ್ತಿದ್ದಾರೆ ಎಂದು. ಆಮೇಲೆ ತಿರುಗಿ ನೋಡಿದರೆ ಟಿವಿಯಲ್ಲಿ ಮುಂಡಾಸಿನ ಪೂಜಾರಿ, ಕಣ್ಣು ಕೆಂಪು ಮಾಡಿಕೊಂಡು, ಎರಡೂ ಕೈ ಮೇಲೆತ್ತಿ, ನಡುಗುತ್ತಿರುವ ಬಿಳಿ ಹುಡುಗಿಗೆ ಶಾಪ ಹಾಕುತ್ತಿದ್ದಾನೆ.

ಕಾಲು ನೋಯುತ್ತಿದೆ ಬಾಗಿಲು ತೆಗಿ ಎನ್ನುತ್ತಿದ್ದಾನೆ, ಪುಣ್ಯಾತ್ಮ.

ಮೊದಲು ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಹನ್ನೆರಡು ಪುಟ. ಗುಪ್ತ ಮಂತ್ರ. ಬಗಲಾ ದೇವಿ. ಎಡ್ಡಿ ವೆಪ್ ಅಂತೆ, ಆದಿವಿಪ್ರ ಅಂತೆ. ಅಡಿವೆಪ್ಪ ಅವನು. ನಮ್ಮ ಓಣಿಯ ಹಿಟ್ಟಿನ ಗಿರಣಿಯವನ ಹೆಸರೂ ಅಡಿವೆಪ್ಪನೇ. ಹೊಬೊಕೆನ್ನಿನ ಯಾವನೋ ಗುಮಾಸ್ತ ಬಾಯಿ ತಿರುಗದೆ ಎಡ್ಡಿ ವೆಪ್ ಎಂದು ಬರೆದುಕೊಂಡಿರುತ್ತಾನೆ. ಹುಬ್ಬಳ್ಳಿ ಧಾರವಾಡದ ಕಡೆಯ ಯಾವ ಮಗುವಿಗೆ ಕೇಳಿಸಿದ್ದರೂ ಒಂದು ನಿಮಿಷದಲ್ಲಿ ಹೇಳುತ್ತಿತ್ತು. ಮೈಸೂರಿನ ಪಂಡಿತರಿಗೆ ಮಾತ್ರ ಅದರಲ್ಲಿ ನಿಗಮ ಕೇಳಿಸುತ್ತದೆ.

ಇವರು ಮತ್ತೆ ಹಾಕಿದರು. ಮತ್ತೆ ಹಾಕಿದರು. ನಾಲ್ಕನೆಯ ಸಲಕ್ಕೆ ನನ್ನ ನಗು ನಿಂತುಹೋಗಿತ್ತು. ನಿಂಗಮ್ಮ ಯಾರು? ಹೆಂಡತಿಯೋ, ಅಕ್ಕನೋ? ಅವನು ಊರು ಬಿಟ್ಟು ಆಗ ಹದಿನೆಂಟು ವರ್ಷ. ಅವಳು ಬದುಕಿದ್ದಳೋ ಇಲ್ಲವೋ. ನಿನ್ನ ಭಾಷೆಯಲ್ಲಿ ಏನಾದರೂ ಹೇಳು ಎಂದು ಯಾರೋ ಹೇಳಿದ ತಕ್ಷಣ ಅವನ ಬಾಯಿಗೆ ಬಂದದ್ದು ಅವಳ ಹೆಸರು.

ಚಪಾತಿ ಹೆಂಚಿಗೆ ಅಂಟಿಕೊಂಡಿತು. ಇವರು ಅಲ್ಲಿಂದಲೇ, ಈಗ ಎಷ್ಟು ಸ್ಪಷ್ಟವಾಗಿದೆ ಅಲ್ವಾ, ಬಗಲಾ ಅನ್ನೋದು, ಎಂದು ಕೇಳಿದರು. ಹೂಂ ಎಂದೆ.

ಮಾರ್ಚ್ 30, ಭಾನುವಾರ. ಯುಗಾದಿ

ಹೇಳಲಿಲ್ಲ. ಹಬ್ಬದ ದಿನ ಬೇಡ ಎಂದುಕೊಂಡೆ. ಹಬ್ಬವಿಲ್ಲದ ದಿನ ಯಾವ ನೆವ ಹೇಳಿಕೊಳ್ಳುತ್ತೇನೋ ನೋಡಬೇಕು.

ಏಪ್ರಿಲ್ 4, ಶುಕ್ರವಾರ

ಇವತ್ತು ಹೇಳಿಯೇ ಬಿಡಬೇಕೆಂದು ಎದ್ದೆ. ಹೇಳಲು ನನಗೆ ಹಕ್ಕಿದೆ.

ಮದುವೆಯಾಗಿ ಮೈಸೂರಿಗೆ ಹೋದ ವಾರವೇ ಅತ್ತೆಯವರು ನಾಲ್ಕು ಜನ ನೆಂಟರನ್ನು ಕೂರಿಸಿಕೊಂಡು, ನನ್ನನ್ನು ಕರೆದು, ನೀನು ನಿಮ್ಮ ಮನೆಯಲ್ಲಿ ಬಂದವರನ್ನು ಹೇಗೆ ಮಾತಾಡಿಸುತ್ತಿದ್ದೆ ಹೇಳಿ ತೋರಿಸು ಎಂದರು. ಇಪ್ಪತ್ತೈದರ ಹುಡುಗಿ ನಾನು. “ಬರ್ರಿ, ಕೂಡ್ರಿ, ಚಾ ಕುಡೀತೀರೇನ್ರಿ” ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಂದ ಬಂದವರಿಗೆಲ್ಲ ಅತ್ತೆಯವರು ಅದನ್ನು ಅಭಿನಯಿಸಿ ತೋರಿಸುತ್ತಿದ್ದರು. ಇವರು ಅಲ್ಲೇ ಮೂಲೆಯಲ್ಲಿ ಪೇಪರ್ ಓದುತ್ತಿದ್ದರು. ತಲೆ ಎತ್ತಿದವರಲ್ಲ. ಆರೇ ತಿಂಗಳಿಗೆ ನಾನು ‘ಕೂತ್ಕೊಳ್ಳಿ’ ಕಲಿತೆ, ‘ಕಣಮ್ಮ’ ಕಲಿತೆ, ‘ಅಯ್ಯೋ ಪರವಾಗಿಲ್ಲ ಬಿಡಿ’ ಕಲಿತೆ. ಅತ್ತೆಯವರು ಸತ್ತು ಹದಿನೆಂಟು ವರ್ಷವಾಯಿತು, ಅವರ ಕನ್ನಡ ಇನ್ನೂ ನನ್ನ ಬಾಯಿಂದ ಇಳಿದಿಲ್ಲ. ಇಂಥ ಮನೆಯ ಮಹಾ ಸಂಶೋಧಕರು, ಹನ್ನೊಂದು ವರ್ಷ ನಮ್ಮ ಭಾಷೆಯನ್ನು ಕಿವಿಗೆ ಹಾಕಿಕೊಂಡು ಕೂತು, ಅದು ಭಾಷೆಯೆಂದೇ ತಿಳಿಯದೆ ಮಂತ್ರವೆಂದು ಬರೆದಿದ್ದಾರೆ. ಮುಖಕ್ಕೆ ಹೊಡೆದ ಹಾಗೆ ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನೊಂದು ಜನ್ಮದಲ್ಲೂ ಸಿಗಲಿಕ್ಕಿಲ್ಲ.

ಬೇಸ್‌ಮೆಂಟಿಗೆ ಇಳಿದೆ. ಇವರು ಕೋಟು, ಟೈ ಹಾಕಿಕೊಂಡು ಒಣಗಲು ಹಾಕಿದ ಬೆಡ್‌ಶೀಟಿನ ಎದುರು ನಿಂತು ಭಾಷಣ ಮಾಡುತ್ತಿದ್ದರು. ನನ್ನನ್ನು ನೋಡಿ ಫೋನ್ ಎತ್ತಿ ತೋರಿಸಿದರು. ಅರವತ್ತಾರು. ಪರೀಕ್ಷೆಯಲ್ಲಿ ನಂಬರ್ ಬಂದ ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಫೋನು ಗಡಗಡ ಅಲ್ಲಾಡುತ್ತಿತ್ತು.

ಸಾರಿಗೆ ಉಪ್ಪು ಸಾಕೇ ನೋಡಬನ್ನಿ ಎಂದು ಹೇಳಿ ಮೇಲೆ ಬಂದೆ.

ಏಪ್ರಿಲ್ 8, ಮಂಗಳವಾರ

ಶ್ರೀಕರ್ ವಾಟ್ಸಾಪಿನಲ್ಲಿ ಪೋಸ್ಟರ್ ಹಾಕಿದ್ದಾನೆ. ‘ಹಾಲಿವುಡ್ಡಿನ ಮಂತ್ರದ್ರಷ್ಟಾರ: ಮೈಸೂರಿನ ಆದಿವಿಪ್ರ’. ಹಿಂದೆ ಅರಮನೆಯ ಚಿತ್ರ, ಮುಂದೆ ಇವರ ಪಾಸ್‌ಪೋರ್ಟ್ ಫೋಟೋ, ಮೂಲೆಯಲ್ಲಿ ಬೇವು ಬೆಲ್ಲ. ಇಂಥ ಪೋಸ್ಟರ್ ಮಾಡುವವರಿಗೆ ಕಂಪ್ಯೂಟರ್ ಕೊಟ್ಟವರನ್ನು ಅನ್ನಬೇಕು.

ಆ ಕ್ಲಿಪ್ ತೋರಿಸಬೇಡಿ, ಅಲ್ಲಿಯ ಸ್ಪೀಕರ್ ಸರಿ ಇರುವುದಿಲ್ಲ ಎಂದು ಇವರಿಗೆ ಹೇಳಿ ನೋಡಿದೆ. ಭಾಷಣದ ಜೀವವೇ ಅದು ಎಂದರು. ಶ್ರೀಕರನಿಂದ ಬರುವವರ ಪಟ್ಟಿ ತರಿಸಿಕೊಂಡೆ. ಹುಬ್ಬಳ್ಳಿಯ ಕಡೆಯವರದು ಎರಡು ಮನೆ. ಇಬ್ಬರಿಗೂ ಫೋನ್ ಮಾಡಿ, ಭಾಷಣ ಬಹಳ ಉದ್ದ, ಊಟವಿಲ್ಲ, ಪಾರ್ಕಿಂಗ್ ಅಂತೂ ಸಿಗುವುದೇ ಇಲ್ಲ ಎಂದೆ. ಅಯ್ಯೋ ಆಂಟಿ, ನಾವು ಬರುವವರೇ ಅಲ್ಲ, ಸುಮ್ಮನೆ ಹೆಸರು ಕೊಟ್ಟಿದ್ದೆವು ಎಂದು ಇಬ್ಬರೂ ನಕ್ಕರು. ಮೂರು ವರ್ಷದ ರೋಗಿ ಅರವತ್ತಾರು ಮುಟ್ಟಿಸಲು ಸಾಯುತ್ತಿದ್ದಾರೆ, ಈ ಜನಕ್ಕೆ ಒಂದು ಶನಿವಾರ ಬರಲು ಆಗುವುದಿಲ್ಲ. ಸಿಟ್ಟು ಬಂದು ಫೋನ್ ಇಟ್ಟೆ.

ಧೃತಿಗೆ ಎಲ್ಲ ಹೇಳಿದೆ. ಅವಳು, “ಅಮ್ಮಾ, ಆರ್ ಯೂ ಎಂಜಾಯಿಂಗ್ ದಿಸ್?” ಎಂದಳು. ಸ್ವಲ್ಪ ಎಂದೆ. ಅಪ್ಪನಿಗೆ ಹೇಳಿಬಿಡು ಎಂದು ಇಂಗ್ಲಿಷಿನಲ್ಲೇ ಗದರಿದಳು. ಹೇಳಿದರೆ ಇವರು ಹೋಗುವುದೇ ಇಲ್ಲ. ತಪಾಸಣೆಯಲ್ಲಿ ತಪ್ಪು ಕಂಡ ಸೇತುವೆಯ ಮೇಲೆ ಇವರು ಯಾವತ್ತೂ ಕಾರು ಓಡಿಸಿದವರಲ್ಲ. ಇನ್ನೊಂದು ಭಾಷಣಕ್ಕೆ ಯಾರೂ ಕರೆಯುವುದಿಲ್ಲ, ಕರೆಯುವ ಹೊತ್ತಿಗೆ ದನಿ ಇರುವುದಿಲ್ಲ. ಹನ್ನೆರಡನೆಯ ತಾರೀಕು ದಾಟಲಿ. ಆಮೇಲೆ ನೋಡಿಕೊಳ್ಳೋಣ.

ಏಪ್ರಿಲ್ 11, ಶುಕ್ರವಾರ

ಬೂದು ಬಣ್ಣದ ಸೂಟು ಸಡಿಲವಾಗಿದೆ. ಪ್ಯಾಂಟಿನ ಸೊಂಟ ಎರಡು ಇಂಚು ಹಿಡಿದು ಹೊಲಿದೆ. ಇವರ ಮಾತ್ರೆಯ ಹೊತ್ತನ್ನು ಭಾಷಣಕ್ಕೆ ಸರಿಹೊಂದುವಂತೆ ಲೆಕ್ಕ ಹಾಕಿದ್ದೇನೆ. ಒಂದೂವರೆಗೆ ಕೊಟ್ಟರೆ ಎರಡೂವರೆಯಿಂದ ಕೈ ಕಾಲು ಮಾತು ಕೇಳುತ್ತವೆ.

ಏಪ್ರಿಲ್ 12, ಶನಿವಾರ

ಎಪ್ಪತ್ತು ಕುರ್ಚಿ, ಇಪ್ಪತ್ತಮೂರು ಜನ. ಅದರಲ್ಲಿ ನಾಲ್ಕು ಜನ ಕೂಟದ ಪದಾಧಿಕಾರಿಗಳು, ಅವರು ಲೆಕ್ಕಕ್ಕಿಲ್ಲ.

ಚೆನ್ನಾಗಿ ಮಾತಾಡಿದರು ಎಂದು ಬರೆಯಲು ನನಗೆ ಇಷ್ಟವಿಲ್ಲ. ಕೇಳಿಸಿತು, ಅಷ್ಟು ಬರೆಯುತ್ತೇನೆ. ಮೂವತ್ತು ನಿಮಿಷ ಕೇಳಿಸಿತು. ನಾನು ಕೊನೆಯ ಸಾಲಿನಲ್ಲಿ ಕೂತು ಒಂದು ಸಲವೂ ಕೈ ಎತ್ತಲಿಲ್ಲ. ಹೊಬೊಕೆನ್ನು, ಪೊರಕೆ, ಬೀಸಣಿಗೆ, ತಟ್ಟೆ ಎಲ್ಲ ಬಂದವು. ಜನ ನಡುವೆ ಎರಡು ಸಲ ನಕ್ಕರು.

ಆಮೇಲೆ ಕ್ಲಿಪ್. ಹತ್ತೊಂಬತ್ತು ಸೆಕೆಂಡು ನಾನು ಮುಂದೆ ಕೂತವರ ತಲೆಗಳನ್ನೇ ನೋಡುತ್ತಿದ್ದೆ. ಮುಗಿಯಿತು.  ಇವರು ಹನ್ನೆರಡು ಪುಟಗಳನ್ನು ಕೈಗೆ ತೆಗೆದುಕೊಂಡು, ಇದು ಬಗಲಾ ದೇವಿಯ ಎಂದು ಶುರು ಮಾಡಿದರು. ಆಗ ಮೂರನೆಯ ಸಾಲಿನಲ್ಲಿ ಒಂದು ಹುಡುಗಿ ಎದ್ದು ನಿಂತಳು. ಸಿರಿ ಎಂದು ಹೆಸರು, ಗದಗಿನವಳು, ನ್ಯೂಆರ್ಕಿನಲ್ಲಿ ಓದುತ್ತಿದ್ದಾಳೆ. ಪಟ್ಟಿಯಲ್ಲಿ ಇರಲೇ ಇಲ್ಲ ಅವಳು. ಗೆಳತಿಯ ಜೊತೆ ಸುಮ್ಮನೆ ಬಂದವಳಂತೆ.

“ಸರ್, ಸಾರಿ ರೀ. ಅಂವಾ ಮಂತ್ರಾ ಅನ್ನಾಕ ಹತ್ತಿಲ್ಲರಿ. ನಿಂಗಮ್ಮಾ ಬಾಗಲಾ ತಗೀ, ಕಾಲ ನೋಯಾಕ ಹತ್ಯಾವ ಅಂತಾನ್ರಿ.”

ಮೊದಲು ಒಬ್ಬರು ನಕ್ಕರು, ಆಮೇಲೆ ಇಡೀ ಸಭೆ. ಇವರ ಕೈಯಲ್ಲಿದ್ದ ಪುಟಗಳು ನಡುಗುವ ಸದ್ದು ಮೈಕಿನಲ್ಲಿ ಕೇಳುತ್ತಿತ್ತು. ಶ್ರೀಕರ್ ಹಲ್ಲು ಕಿರಿಯುತ್ತ ಹಿಂದಕ್ಕೆ ತಿರುಗಿ, ನಮ್ಮ ಭಾನುಮತಿ ಆಂಟಿ ಧಾರವಾಡದವರೇ ಅಲ್ವಾ, ಅವರೇ ಹೇಳಿಬಿಡಲಿ ಎಂದ. ಇಪ್ಪತ್ತಮೂರು ತಲೆಗಳು ನನ್ನ ಕಡೆ ತಿರುಗಿದವು.

ಎದ್ದು ನಿಂತೆ. “ಇಲ್ಲ ಕಣಮ್ಮ, ಅದು ಮಂತ್ರಾನೇ,” ಎಂದೆ. “ನಾನೂ ಆ ಕಡೆಯವಳೇ. ನಮ್ಮ ಕಡೆ ಮಾತಾಗಿದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ಹಳೇ ರೆಕಾರ್ಡಿಂಗು, ನಿಂಗೆ ಹಾಗೆ ಕೇಳಿಸಿರುತ್ತೆ. ಪರವಾಗಿಲ್ಲ ಬಿಡು.”

ಆ ಮಗು ನನ್ನ ಮುಖವನ್ನೇ ನೋಡಿತು. ಅವಳಿಗೆ ಗೊತ್ತು, ನನಗೆ ಗೊತ್ತು ಎಂದು. ಸಾರಿ ಆಂಟಿ ಎಂದು ಕೂತುಕೊಂಡಳು. ನಗು ನಿಂತಿತು. ಅಲ್ಲಿಗೆ ಮುಗಿಯಬೇಕಿತ್ತು. ಇವರು ಪುಟ ತಿರುವಿ ಮುಂದುವರಿಸಬೇಕಿತ್ತು, ಜನ ಚಪ್ಪಾಳೆ ತಟ್ಟಬೇಕಿತ್ತು, ನಾವು ಮನೆಗೆ ಬರಬೇಕಿತ್ತು.

ಇವರು ಮುಂದುವರಿಸಲಿಲ್ಲ. ವೇದಿಕೆಯ ಮೇಲಿನಿಂದ ನನ್ನನ್ನೇ ನೋಡುತ್ತ ನಿಂತರು. ಮಾತು ಮರೆತುಹೋಯಿತೇನೋ ಎಂದುಕೊಂಡೆ. ಆಮೇಲೆ ಕ್ಲಿಪ್ಪನ್ನು ಇನ್ನೊಂದು ಸಲ ಹಾಕಿಸಿದರು. ಸಿರಿಯನ್ನು ಮೈಕಿನ ಹತ್ತಿರ ಕರೆದು, ಅವನು ಒಂದೊಂದು ಮಾತು ಹೇಳಿದ ಹಾಗೆ ನೀನೂ ಒಂದೊಂದು ಮಾತು ಹೇಳಮ್ಮ ಎಂದರು. ಅವಳು ಹೇಳಿದಳು. ಹನ್ನೆರಡು ಪುಟಗಳನ್ನು ಮೇಜಿನ ಮೇಲೆ ಬೋರಲು ಹಾಕಿದರು.

“ಈ ಹುಡುಗಿ ಹೇಳಿದ್ದೇ ಸರಿ,” ಎಂದರು. “ನಾನು ಹನ್ನೊಂದು ವರ್ಷ ತಪ್ಪು ಕೇಳಿಸ್ಕೊಂಡೆ.”

ಅವನ ಹೆಸರು ಏನಿರಬಹುದು ಎಂದು ಅವಳನ್ನೇ ಕೇಳಿದರು. ಅಡಿವೆಪ್ಪ ಇರಬೇಕ್ರಿ ಎಂದಳು. ಅಡಿವೆಪ್ಪ, ಅಡಿವೆಪ್ಪ ಎಂದು ಮೈಕಿನಲ್ಲಿ ಎರಡು ಸಲ ಹೇಳಿಕೊಂಡರು. ಉಳಿದ ಹತ್ತು ನಿಮಿಷ ಕಾಗದ ನೋಡದೆ ಮಾತಾಡಿದರು. ಅವನು ಮಂತ್ರವಾದಿಯೂ ಅಲ್ಲ, ಮೈಸೂರಿನವನೂ ಅಲ್ಲ, ಇಪ್ಪತ್ತೇಳು ಚಿತ್ರಗಳಲ್ಲಿ ಬೇರೆಯವರು ಹೇಳಿದ ಕಡೆ ನಿಂತು ಕಾಲು ನೋಯಿಸಿಕೊಂಡವನು, ಒಂದೇ ಒಂದು ಸಲ ಬಾಯಿ ಬಿಡಲು ಬಿಟ್ಟಾಗ ಮನೆಯವರನ್ನು ಕರೆದ ಎಂದರು. ಅಷ್ಟು ಹೊತ್ತಿಗೆ ದನಿ ಪೂರ್ತಿ ಇಳಿದುಹೋಗಿತ್ತು. ಜನ ಎದ್ದು ಬಂದು ಮುಂದಿನ ಸಾಲುಗಳಲ್ಲಿ ಕೂತು ಕೇಳಿದರು. ಶ್ರೀಕರನೂ ಫೋನ್ ಜೇಬಿಗೆ ಹಾಕಿ ಕೂತ.

ನನಗೆ ಮೈಯೆಲ್ಲ ಉರಿ. ಬಾಳಿನಲ್ಲಿ ಮೊದಲ ಸಲ ಇವರಿಗಾಗಿ ನಾಲ್ಕು ಜನರ ಎದುರು ಸುಳ್ಳು ಹೇಳಿದ್ದೇನೆ, ನನ್ನ ಊರಿನ ಮಾತನ್ನೇ ನನ್ನದಲ್ಲ ಎಂದಿದ್ದೇನೆ. ಈ ಬೆಪ್ಪು ಮನುಷ್ಯ ಅದನ್ನು ಎತ್ತಿ ಕಸಕ್ಕೆ ಹಾಕಿದರು. ಟರ್ನ್‌ಪೈಕ್ ಹೆದ್ದಾರಿಗೆ ಬರುವವರೆಗೂ ರೇಡಿಯೋ ಜೋರಾಗಿ ಹಾಕಿಕೊಂಡು ಕಾರು ಓಡಿಸಿದೆ. ಸೀಕಾಕಸ್ ದಾಟಿದ ಮೇಲೆ ತಡೆಯಲಾಗಲಿಲ್ಲ, ಅಷ್ಟು ಜನರ ಎದುರು ನನ್ನನ್ನು ಸುಳ್ಳುಗಾತಿ ಮಾಡಿದಿರಲ್ಲ ಎಂದೆ.

ಪಿಸುಮಾತಷ್ಟೇ ಉಳಿದಿತ್ತು ಇವರಿಗೆ. ರೇಡಿಯೋ ಆರಿಸಿ ಕಿವಿ ಕೊಟ್ಟೆ. ನಿನಗೆ ಮೊದಲೇ ಗೊತ್ತಿತ್ತು ಅಲ್ವಾ ಎಂದು ಕೇಳಿದರು.

“ಛೆ ಛೆ, ಇಲ್ಲಪ್ಪ, ನಂಗೆ ಹೇಗೆ ಗೊತ್ತಿರುತ್ತೆ?” ಎಂದೆ.

ಇವರು ನಕ್ಕರು. ಕೆಮ್ಮು ಬರುವಷ್ಟು ನಕ್ಕರು.

“ನೋಡು, ಮತ್ತೆ,” ಎಂದರು. “ಮೂವತ್ತೊಂಬತ್ತು ವರ್ಷದಿಂದ ಕೇಳ್ತಿದೀನಿ ಭಾನು. ಹೆದರಿದಾಗ, ನಿಜವಾಗಿ ಸಿಟ್ಟು ಬಂದಾಗ, ಅಕ್ಕರೆ ಬಂದಾಗ ನಿನ್ನ ಬಾಯಲ್ಲಿ ಧಾರವಾಡ ಬರುತ್ತೆ. ಮನಸ್ಸಲ್ಲಿ ಇಲ್ಲದ್ದನ್ನ ಹೇಳುವಾಗ ಮಾತ್ರ ನೀನು ನಮ್ಮಮ್ಮನ ಥರ ಮಾತಾಡ್ತೀಯ. ನೀನು ಕಣಮ್ಮ ಅಂದ ತಕ್ಷಣ ಆ ಹುಡುಗಿ ಹೇಳಿದ್ದೇ ಸರಿ ಅಂತ ನಂಗೆ ಗೊತ್ತಾಯ್ತು.”

 ಉತ್ತರವನ್ನು ಯಾವ ಕನ್ನಡದಲ್ಲಿ ಹೇಳಬೇಕೆಂದೇ ನನಗೆ ತಿಳಿಯಲಿಲ್ಲ. ಇವರು ಸೀಟಿಗೆ ಒರಗಿ ಮನೆ ಬರುವವರೆಗೆ ನಿದ್ದೆ ಮಾಡಿದರು.

ಆರೂವರೆಗೆ ಮಾತ್ರೆ ಕೊಟ್ಟು, ಅನ್ನ ಸಾರು ಕಲಸಿ ಕೊಟ್ಟು ಬಂದು ಈ ನೋಟ್‌ಬುಕ್ ತೆಗೆದೆ. ಇವತ್ತಿನದನ್ನು ಬರೆಯುವ ಮುಂಚೆ ಮಾರ್ಚ್ ಎರಡರಿಂದ ಇವರ ಬಗ್ಗೆ ನಾನು ಬರೆದದ್ದನ್ನೆಲ್ಲ ಓದಿದೆ. ಒಂದೊಂದು ವಾಕ್ಯವೂ ಇವರ ಅಮ್ಮ ಮೈಸೂರಿನಿಂದ ಕಾಗದ ಬರೆಯುತ್ತಿದ್ದ ಕನ್ನಡದಲ್ಲಿದೆ.